ರಾತ್ರಿ ಎಂಟಕ್ಕೆ ಚಾರ್ಟ್ ಪೇಪರ್ ಹುಡುಕೋ ಅಪ್ಪಂದಿರು

ನೆಲಮಂಗಲ: ಮೆಜೆಸ್ಟಿಕ್ ಕಡೆಯಿಂದ ಹೊರಟ ಬಸ್ಸು ಟೋಲ್ ದಾಟುವ ಹೊತ್ತಿಗೆ ಸರಿಯಾಗಿ ಅಪ್ಪನ ಜೇಬಿನಲ್ಲಿ ಮೊಬೈಲು ಬಡಿದುಕೊಳ್ಳುತ್ತದೆ. ಆ ಕಡೆ ಮಗಳು.

‘ಅಪ್ಪಾ, ನಾಳೆ ಸ್ಕ್ರ್ಯಾಪ್ ಬುಕ್ಕು ಕೊಡ್ಬೇಕು. ಚಾರ್ಟು, ಗಮ್ಮು, ಕಲರ್ ಪೇಪರ್ ತಗೊಂಬಾ.’

‘ಯಾವಾಗ ಹೇಳಿದ್ರು ಮಿಸ್ಸು?’

‘ಹೋದ್ ವಾರ.’

ಅಲ್ಲಿಗೆ ಮುಗೀತು. ಜಾಲಹಳ್ಳಿ ಕ್ರಾಸಿನಿಂದ ನಿಂತೇ ಬಂದ ಕಾಲುನೋವನ್ನು ಮರೆತು ಅಪ್ಪ ಬಸ್ ಸ್ಟ್ಯಾಂಡಿನಿಂದ ಅಂಗಡಿ ಬೀದಿಗೆ ಓಟ ಕೀಳುತ್ತಾನೆ. ಶಟರನ್ನು ಅರ್ಧ ಇಳಿಸಿ ಕಲೆಕ್ಷನ್ ಎಣಿಸುತ್ತಿರುವ ಸ್ಟೇಷನರಿ ಅಂಗಡಿಯವರಿಗೆ ಈ ಮುಖ ನೋಡಿದೊಡನೆ ಗೊತ್ತಾಗಿಬಿಡುತ್ತದೆ. ‘ಪ್ರಾಜೆಕ್ಟಾ ಸಾರ್?’ ಎನ್ನುತ್ತಲೇ ಕೈ ಮೇಲಿನ ಶೆಲ್ಫಿಗೆ ಹೋಗಿರುತ್ತದೆ. ಮಿನುಗು ಗಮ್ಮು, ಸ್ಟಿಕ್ಕರು, ಬಣ್ಣದ ಟೇಪು, ಇಪ್ಪತ್ತು ಮಹಾನುಭಾವರ ಮುಖಗಳು ಒಂದೇ ಹಾಳೆಯಲ್ಲಿ ಅಚ್ಚಾದ ಚಿತ್ರಪಟ. ಅಪ್ಪ ಬೇಡ ಅನ್ನುವ ಸ್ಥಿತಿಯಲ್ಲಿರುವುದಿಲ್ಲ.

ಮನೆಯಲ್ಲಿ ಮುಂದಿನ ಅಂಕ. ಅಮ್ಮ ಕತ್ತರಿಸುತ್ತಾಳೆ, ಅಪ್ಪ ಅಂಟಿಸುತ್ತಾನೆ, ಪ್ರಾಜೆಕ್ಟು ಮಾಡಬೇಕಾದ ಮಗು ನಿದ್ದೆ ಹೋಗಿರುತ್ತದೆ. ಬೆಳಗ್ಗೆ ನೋಡಿದರೆ ಪುಸ್ತಕ ಹಪ್ಪಳದ ಹಾಗೆ ಉಬ್ಬಿದೆ. ಹಾಗೇ ಕೊಟ್ಟು ಕಳಿಸಿದ್ದಾಯಿತು, ಮಾರ್ಕ್ಸೂ ಬಂತು. ಬರುವ ಜೂನ್ ಹೊತ್ತಿಗೆ ಆ ಪುಸ್ತಕ ಹಳೇ ಪೇಪರ್ ಅಂಗಡಿ ತಕ್ಕಡಿಯ ಮೇಲೆ.

ಹೋದರೆ ಹೋಗಲಿ ಬಿಡಿ ಎನ್ನಬಹುದು. ಆದರೆ ಅದರೊಳಗೆ ಏನು ಹೋಯಿತು ಎಂದು ನೋಡಿದವರು ಯಾರು?

ಅಜ್ಜಿ ಫೋಟೋ ಹೋಯಿತು

‘ನನ್ನ ಕುಟುಂಬ’, ‘ವಂಶವೃಕ್ಷ’ ಎಂಬ ಪಾಠ ಬಂದಾಗ ನಡೆಯುವ ಅನಾಹುತ ಇದು. ಅಜ್ಜಿಯದು ಮನೆಯಲ್ಲಿ ಇರುವುದೇ ಒಂದು ಫೋಟೋ. ಯಾವುದೋ ಸ್ಟುಡಿಯೋದಲ್ಲಿ ಬಣ್ಣದ ಪರದೆ ಮುಂದೆ ಕುರ್ಚಿಯಲ್ಲಿ ಕೂರಿಸಿ ತೆಗೆದದ್ದು. ಟ್ರಂಕಿನ ತಳದಿಂದ ಅದನ್ನೇ ತೆಗೆದು, ಹಿಂದೆ ತುಂಬ ಫೆವಿಕಾಲ್ ಬಳಿದು, ಚಾರ್ಟಿಗೆ ಒತ್ತಿಬಿಡುತ್ತಾರೆ. ಒಣಗಿದ ಮೇಲೆ ಅದು ಬರುವುದಿಲ್ಲ. ಎಳೆದರೆ ಮುಖವೇ ಸುಲಿದು ಬರುತ್ತದೆ. ನೆಗೆಟಿವ್ ಎಲ್ಲಿದೆಯೋ, ಆ ಸ್ಟುಡಿಯೋ ಎಲ್ಲಿದೆಯೋ!

ಆದ್ದರಿಂದ ಮೊದಲ ಮಾತು ಇಷ್ಟೇ: ಮೂಲ ಫೋಟೋ ಅಂಟಿಸಬೇಡಿ. ಜೆರಾಕ್ಸ್ ಅಂಗಡಿಯಲ್ಲಿ ಒಂದು ಕಲರ್ ಪ್ರತಿ ಮಾಡಿಸಿ ಅದನ್ನು ಅಂಟಿಸಿ. ಮೂಲವನ್ನೇ ಇಡಬೇಕು ಎಂದು ಹಠ ಇದ್ದರೆ ಅದಕ್ಕೂ ದಾರಿ ಇದೆ. ಹಳೇ ಆಲ್ಬಮ್ಮುಗಳನ್ನು ನೋಡಿದವರಿಗೆ ನೆನಪಿರಬಹುದು. ಕಪ್ಪು ಹಾಳೆ, ಫೋಟೋದ ನಾಲ್ಕು ಮೂಲೆಗೂ ನಾಲ್ಕು ಪುಟ್ಟ ಟೋಪಿ. ಒಂದಿಂಚು ಅಗಲ, ಎರಡಿಂಚು ಉದ್ದದ ಕಾಗದದ ಚೂರನ್ನು ತೆಗೆದುಕೊಂಡು, ಮೇಲಿನ ಉದ್ದ ಅಂಚಿನ ನಡುವಿನಿಂದ ಎರಡೂ ಬದಿಯನ್ನು ಕೆಳಕ್ಕೆ ಮಡಿಸಿದರೆ ಟೋಪಿ ಸಿದ್ಧ. ಟೋಪಿಯ ಬೆನ್ನಿಗೆ ಮಾತ್ರ ಅಂಟು, ಫೋಟೋಕ್ಕೆ ಒಂದು ತೊಟ್ಟೂ ಇಲ್ಲ. ಬೇಕೆಂದಾಗ ಫೋಟೋ ಹೊರಗೆ ಬರುತ್ತದೆ. ಅಜ್ಜಿಯೂ ಉಳಿದಳು, ಮಾರ್ಕ್ಸೂ ಉಳಿಯಿತು.

ಸೆಲ್ಲೋಟೇಪಿನ ಮೇಲೆ ನಮ್ಮ ಜನಕ್ಕೆ ಇರುವ ನಂಬಿಕೆ ದೇವರ ಮೇಲೂ ಇಲ್ಲ. ಹರಿದ ಪಹಣಿಗೂ ಟೇಪು, ಮಾರ್ಕ್ಸ್ ಕಾರ್ಡಿಗೂ ಟೇಪು. ಕೆಲವು ವರ್ಷ ಕಳೆದರೆ ಟೇಪು ಕಿತ್ತು ಬರುತ್ತದೆ, ಅದರ ಅಂಟು ಮಾತ್ರ ಕಾಗದದೊಳಗೆ ಎಣ್ಣೆ ಕಲೆಯ ಹಾಗೆ ಹಳದಿಯಾಗಿ ಕೂರುತ್ತದೆ. ಸ್ಟೇಪ್ಲರ್ ಪಿನ್ನು ತುಕ್ಕು ಹಿಡಿಯುತ್ತದೆ. ಇವೆರಡೂ ಸ್ಕ್ರ್ಯಾಪ್ ಬುಕ್ಕಿನ ಹತ್ತಿರ ಸುಳಿಯದಿದ್ದರೆ ಒಳ್ಳೆಯದು.

ಅಂಟು ಅಡುಗೆಮನೆಯಲ್ಲಿದೆ

ಗೋಡೆಗೆ ಸಿನಿಮಾ ಪೋಸ್ಟರ್ ಹಚ್ಚುವವರನ್ನು ನೋಡಿಲ್ಲವೇ? ಅವರ ಬಕೆಟ್ಟಿನಲ್ಲಿ ಇರುತ್ತಿದ್ದದ್ದು ಮೈದಾ ಸರಿ. ಬೈಂಡಿಂಗ್ ಅಂಗಡಿಯ ನಂಬಿಕೆಯ ಅಂಟೂ ಅದೇ. ಒಂದು ಚಮಚ ಮೈದಾಗೆ ಐದು ಚಮಚ ನೀರು. ಮೊದಲು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಆಮೇಲೆ ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವಬೇಕು. ಬಿಳಿ ಬಣ್ಣ ಹೋಗಿ ಗಾಜಿನ ಹಾಗೆ ಮಬ್ಬಾದರೆ ಇಳಿಸಿ. ಆರಿದ ಮೇಲೆ ಬಟ್ಟೆಯಲ್ಲಿ ಸೋಸಿ. ಎರಡು ದಿನದ ಮೇಲೆ ಹುಳಿ ವಾಸನೆ ಬಂದರೆ ಚೆಲ್ಲಿ, ಹೊಸದು ಮಾಡಿಕೊಳ್ಳಿ.

ಇದರ ದೊಡ್ಡ ಗುಣ ಏನೆಂದರೆ, ಒದ್ದೆ ಮಾಡಿದರೆ ಮತ್ತೆ ಬಿಟ್ಟುಕೊಳ್ಳುತ್ತದೆ. ತಪ್ಪಾಗಿ ಅಂಟಿಸಿದ್ದನ್ನು ಒದ್ದೆ ಬಟ್ಟೆ ಇಟ್ಟು ನಿಧಾನವಾಗಿ ಬಿಡಿಸಬಹುದು. ದೋಷವೂ ಇದೆ: ಜಿರಳೆಗೂ ಪುಸ್ತಕದ ಹುಳಕ್ಕೂ ಮೈದಾ ಎಂದರೆ ಹಬ್ಬ. ಹುಳ ಬಾರದಿರಲಿ ಎಂದು ಬೈಂಡರುಗಳು ಒಂದು ಚಿಟಿಕೆ ಮೈಲುತುತ್ತ ಹಾಕುತ್ತಾರೆ. ಅದು ವಿಷ, ಮಕ್ಕಳ ಕೈಗೆ ಬೇಡ. ಪುಸ್ತಕವನ್ನು ತೇವ ಇಲ್ಲದ ಕಡೆ ಇಟ್ಟು ಆಗಾಗ ತೆಗೆದು ಗಾಳಿಯಾಡಿಸಿದರೆ ಸಾಕು.

ಅಂಟಿನ ಕಾಟ ನಮಗಷ್ಟೇ ಅಲ್ಲ. ಅಮೆರಿಕದ ದೊಡ್ಡ ಹಾಸ್ಯ ಲೇಖಕ ಮಾರ್ಕ್ ಟ್ವೇನ್ ಕೂಡ ಇದಕ್ಕೊಂದು ಉಪಾಯ ಹುಡುಕಿದವನೇ. ಹಾಳೆಗೆ ಮೊದಲೇ ಅಂಟು ಬಳಿದಿಟ್ಟ, ನೀರು ಸವರಿದರೆ ಹಿಡಿದುಕೊಳ್ಳುವ ಸ್ಕ್ರ್ಯಾಪ್ ಬುಕ್ಕನ್ನು ಮಾಡಿ 1873ರಲ್ಲಿ ಪೇಟೆಂಟ್ ಪಡೆದ.

ಯಾವ ಅಂಟಾದರೂ ಸರಿ, ತೆಳ್ಳಗೆ ಇರಲಿ. ಬೆರಳಲ್ಲಿ ಬಳಿಯುವ ಬದಲು ಒಂದು ಬ್ರಶ್ ತಗೊಳ್ಳಿ. ನಡುವಿನಿಂದ ಅಂಚಿಗೆ ಎಳೆಯಿರಿ. ಹಾಳೆ ಹಪ್ಪಳವಾಗುವುದು ಅಂಟು ಹೆಚ್ಚಾಗಿ, ಭಾರ ಇಡದೆ ಒಣಗಿಸಿದ್ದರಿಂದ.

ಪೇಪರ್ ಕಟಿಂಗ್ ಹಳದಿ ಯಾಕೆ?

ಸೋಲದೇವನಹಳ್ಳಿಯಲ್ಲಿ ತೋಟ ಮಾಡಿಕೊಂಡು ನೆಲಮಂಗಲದವರೇ ಆಗಿಹೋಗಿದ್ದ ನಟಿ ಲೀಲಾವತಿ 2023ರ ಡಿಸೆಂಬರ್ 8ರಂದು ತೀರಿಕೊಂಡರು. ಮಾರನೇ ದಿನದ ಪತ್ರಿಕೆಗಳನ್ನು ಈ ತಾಲ್ಲೂಕಿನಲ್ಲಿ ಎತ್ತಿಟ್ಟವರು ಇದ್ದೇ ಇರುತ್ತಾರೆ. ಅಂಥವರು ಈಗ ತೆಗೆದು ನೋಡಲಿ. ಬೆಳಕಿಗೆ ಬಿದ್ದ ಅಂಚು ಆಗಲೇ ಕಂದು ತಿರುಗಿರುತ್ತದೆ.

ಸುದ್ದಿ ಕಾಗದ ಬಾಳುವುದಕ್ಕೆ ಮಾಡಿದ್ದಲ್ಲ, ಸಂಜೆಯ ಕಡಲೆಕಾಯಿಯ ತನಕ ಉಳಿದರೆ ಸಾಕು ಎಂದು ಮಾಡಿದ್ದು. ಮರವನ್ನು ಅರೆದು ತೆಗೆದ ತಿರುಳಿನಲ್ಲಿ ಲಿಗ್ನಿನ್ ಎಂಬ ಪದಾರ್ಥ ಹಾಗೇ ಉಳಿದಿರುತ್ತದೆ. ಬೆಳಕು, ಗಾಳಿ ತಾಗಿದರೆ ಅದು ಹಳದಿಯಾಗುತ್ತದೆ. ಕಾಗದದೊಳಗೆ ಆಮ್ಲ ಹುಟ್ಟಿ, ಮುಟ್ಟಿದರೆ ಪುಡಿಯಾಗುತ್ತದೆ. ಪಕ್ಕದ ಒಳ್ಳೆ ಹಾಳೆಗೂ ಕಲೆ ಹತ್ತುತ್ತದೆ. ಹತ್ತಿ ಚಿಂದಿಯಿಂದ ಮಾಡಿದ ಕಾಗದಕ್ಕೆ ಈ ರೋಗ ಇಲ್ಲ. ಹಾಗಾಗಿ ಸುದ್ದಿಯ ಕಟಿಂಗನ್ನೂ ಒಳ್ಳೆ ಬಿಳಿ ಹಾಳೆಯಲ್ಲಿ ಜೆರಾಕ್ಸ್ ಮಾಡಿಸಿ ಅಂಟಿಸುವುದೇ ಜಾಣತನ.

ಇನ್ನೂ ಬೇಗ ಸಾಯುವುದು ಬಸ್ ಟಿಕೆಟ್. ಮೊದಲ ಸಲ ಹಾಸನಕ್ಕೋ ಧರ್ಮಸ್ಥಳಕ್ಕೋ ಹೋದ ಟಿಕೆಟ್ಟನ್ನು ಮಕ್ಕಳು ಆಸೆಯಿಂದ ಅಂಟಿಸುತ್ತಾರೆ. ಕಂಡಕ್ಟರ್ ಮಷಿನ್ನಿನಿಂದ ಬರುವ ಆ ಚೀಟಿಯಲ್ಲಿ ಶಾಯಿಯೇ ಇಲ್ಲ. ಬಿಸಿ ತಾಗಿ ಕಪ್ಪಾಗುವ ಕಾಗದ ಅದು. ಕೆಲವು ತಿಂಗಳಲ್ಲಿ ಬರೀ ಬಿಳಿ ಚೀಟಿ. ಅಂಗಡಿಯವರು ಕೊಡುವ ಫ್ರಿಜ್ಜು, ಮಿಕ್ಸಿಯ ಬಿಲ್ಲೂ ಇದೇ ಜಾತಿಯದಾದರೆ, ವಾರಂಟಿ ಮುಗಿಯುವ ಮುಂಚೆ ಬಿಲ್ಲೇ ಮುಗಿದಿರುತ್ತದೆ!

ಶಾನುಭೋಗರ ಕಡತ

ರೆಡಿಮೇಡ್ ಸ್ಕ್ರ್ಯಾಪ್ ಬುಕ್ಕು ಬೇಡ ಎನ್ನುವವರಿಗೆ ನಮ್ಮ ಸೀಮೆಯದೇ ಒಂದು ಮಾದರಿ ಇದೆ. ಕಡತ ಎಂದರೆ ಇವತ್ತು ಸರ್ಕಾರಿ ಕಚೇರಿಯ ಫೈಲು. ಹಿಂದೆ ಅದು ಬೇರೆಯೇ ವಸ್ತು. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಕತ್ತರಿಸದೆ ಹಿಂದೆ ಮುಂದೆ ಮಡಿಸಿದ ಕರೀ ಪುಸ್ತಕ. ಅದರ ಮೇಲೆ ಬಳಪದಲ್ಲಿ ಬರೆಯುತ್ತಿದ್ದರು. ಶಾನುಭೋಗರ ಲೆಕ್ಕ, ಸಾಹುಕಾರರ ಸಾಲ ಎಲ್ಲ ಅದರಲ್ಲೇ. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಅಚ್ಚಾದ ತನ್ನ ಇತಿಹಾಸ ಗ್ರಂಥದಲ್ಲಿ ಇದರ ಅಳತೆ ಕೊಟ್ಟಿದ್ದಾನೆ: ಅಗಲ ಎಂಟಿಂಚಿನಿಂದ ಒಂದಡಿ, ಉದ್ದ 12ರಿಂದ 18 ಅಡಿ. ಎರಡೂ ತುದಿಗೆ ಬಣ್ಣ ಬಳಿದ ಮರದ ಹಲಗೆ.

ಅದನ್ನೇ ಒಂದು ಚಾರ್ಟ್ ಪೇಪರಿನಲ್ಲಿ ಮಾಡಬಹುದು. ಅಂಗಡಿಯ ಚಾರ್ಟು ಸಾಮಾನ್ಯವಾಗಿ 22 ಇಂಚು ಅಗಲ, 28 ಇಂಚು ಉದ್ದ. ಉದ್ದಕ್ಕೆ ಏಳೇಳು ಇಂಚಿನ ಮೂರು ಪಟ್ಟಿ ಕತ್ತರಿಸಿ. ಒಂದಿಂಚಿನ ಪಟ್ಟಿ ಮಿಗುತ್ತದೆ, ಎಸೆಯಬೇಡಿ. ಪ್ರತಿ ಪಟ್ಟಿಯನ್ನು ಏಳಿಂಚಿಗೊಂದರಂತೆ ಹಿಂದೆ ಮುಂದೆ ಮಡಿಸಿದರೆ ನಾಲ್ಕು ಚೌಕ. ಮೂರು ಪಟ್ಟಿಯನ್ನು ತುದಿಗೆ ತುದಿ ಇಟ್ಟು, ಮಿಕ್ಕ ಪಟ್ಟಿಯ ಏಳೇಳು ಇಂಚಿನ ಎರಡು ತುಂಡನ್ನು ಬೆನ್ನಿಗೆ ಹಚ್ಚಿ ಜೋಡಿಸಿ. ಎರಡೂ ಬದಿ ಸೇರಿ 24 ಪುಟ! ಉಳಿದ ಚೂರು ಅಜ್ಜಿಯ ಫೋಟೋದ ಟೋಪಿಗೆ. ತುದಿಯ ಚೌಕಗಳಿಗೆ ಶರ್ಟಿನ ಡಬ್ಬದ ರಟ್ಟು ಅಂಟಿಸಿ, ಮೇಲೆ ಹೋದ ವರ್ಷದ ಅಂಗಡಿ ಕ್ಯಾಲೆಂಡರಿನ ಹಾಳೆ ಹೊದಿಸಿ. ಬೆನ್ನು ಕಟ್ಟಿಲ್ಲದ ಪುಸ್ತಕವಾದ್ದರಿಂದ ಎಷ್ಟು ಅಂಟಿಸಿದರೂ ಬಾಯಿ ಬಿಡುವುದಿಲ್ಲ.

ಸಾಮಾನು ಸರಂಜಾಮಿಗೆ ಬರಗಾಲ ಇಲ್ಲ. ಲಗ್ನಪತ್ರಿಕೆಯಷ್ಟು ಒಳ್ಳೆಯ ದಪ್ಪ ಕಾಗದ ಯಾವ ಅಂಗಡಿಯಲ್ಲೂ ಸಿಗದು, ಅದೂ ಪುಕ್ಕಟೆ. ಒಂದು ಸೀಸನ್ನಿನಲ್ಲಿ ಮನೆಗೆ ಬರುವುದು ಎಷ್ಟು! ಚಿನ್ನದ ಗಣಪತಿ, ತೋರಣದ ಅಂಚು ಎಲ್ಲ ಕತ್ತರಿಸಿ ಬಳಸಬಹುದು. ಹಬ್ಬಕ್ಕೆ ತಂದ ಬೇಗಡೆ ಕಾಗದ, ಹೊಸ ಸೀರೆಯೊಳಗಿನ ತೆಳು ಹಾಳೆ, ಪುಸ್ತಕಕ್ಕೆ ಹೊದಿಸಿ ಮಿಕ್ಕ ಖಾಕಿ ಕಾಗದ. ಥರ್ಮಾಕೋಲ್ ಮಾತ್ರ ಕೇಳಬೇಡಿ, ಕೊಡಲೂ ಬೇಡಿ. ಅಲಂಕಾರದ ಥರ್ಮಾಕೋಲಿಗೆ 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧ ಇದೆ. ಅದನ್ನೇ ತರಬೇಕೆಂದು ಮಕ್ಕಳಿಗೆ ಹೇಳುವ ಮೇಷ್ಟ್ರುಗಳೂ ಇದನ್ನು ಗಮನಿಸಬೇಕು.

ಮಡಿಸಿದರೆ ಶಿವಗಂಗೆ

ಚಿತ್ರಪಟದ ಮುಖ ಕತ್ತರಿಸಿ ಅಂಟಿಸಿದರೆ ಕ್ಲಾಸಿನ ನಲವತ್ತು ಪುಸ್ತಕವೂ ಒಂದೇ. ‘ನಮ್ಮ ತಾಲ್ಲೂಕು’ ಎಂಬ ವಿಷಯಕ್ಕೂ ಅಂಗಡಿಯಲ್ಲಿ ತಾಜ್ ಮಹಲ್ ಕೊಟ್ಟು ಕಳಿಸಿದರೆ ಹೇಗೆ? ನಮ್ಮ ಡಾಬಸ್‌ಪೇಟೆ ಪಕ್ಕದಲ್ಲೇ ಶಿವಗಂಗೆ ನಿಂತಿದೆ. ಬೆಟ್ಟ ಪೂರ್ವದಿಂದ ಬಸವನ ಹಾಗೆ, ಪಶ್ಚಿಮದಿಂದ ಗಣಪತಿ, ದಕ್ಷಿಣದಿಂದ ಲಿಂಗ, ಉತ್ತರದಿಂದ ಹೆಡೆ ಎತ್ತಿದ ಸರ್ಪದ ಹಾಗೆ ಕಾಣುತ್ತದೆ ಎಂದು ಜನ ಹೇಳುತ್ತಾರೆ. ಇದಕ್ಕೆ ಹೇಳಿ ಮಾಡಿಸಿದ ಮಡಿಕೆ ಇದೆ. ಚೌಕ ಕಾಗದದ ನಾಲ್ಕು ಮೂಲೆಯನ್ನೂ ನಡುವಿಗೆ ಮಡಿಸಿ. ನಾಲ್ಕು ತ್ರಿಕೋನ, ನಾಲ್ಕೂ ಬೆಟ್ಟದ ಹಾಗೇ. ಬಲಗಡೆ ಬಸವ, ಎಡಗಡೆ ಗಣಪ, ಕೆಳಗೆ ಲಿಂಗ, ಮೇಲೆ ಸರ್ಪ ಬರೆಯಲಿ. ಬಿಡಿಸಿದರೆ ಒಳಗೆ ಮಗು ಹತ್ತಿ ಬಂದ ದಿನದ ಫೋಟೋ, ಗಂಗಾಧರೇಶ್ವರನಿಗೆ ಸವರಿದ ತುಪ್ಪ ಬೆಣ್ಣೆಯಾಗುತ್ತದೆ ಎಂಬ ಕತೆ, ಅಜ್ಜಿ ಹೇಳಿದ ಹಾಗೇ, ಮಗುವಿನ ಅಕ್ಷರದಲ್ಲಿ.

ಎದ್ದು ನಿಲ್ಲುವ ಚಿತ್ರ ಬೇಕಿದ್ದರೆ ಅದೂ ಸುಲಭ. ಲಗ್ನಪತ್ರಿಕೆಯನ್ನು ನಡುವೆ ಮಡಿಸಿ, ಮಡಿಕೆಯ ಮೇಲೆ ಒಂದೂವರೆ ಇಂಚು ಅಂತರದಲ್ಲಿ ಒಂದೇ ಉದ್ದದ ಎರಡು ಕತ್ತರಿ ಗೀಟು ಹಾಕಿ, ನಡುವಿನ ತುಂಡನ್ನು ಒಳಕ್ಕೆ ತಳ್ಳಬೇಕು. ತೆರೆದಾಗ ಮೆಟ್ಟಿಲು ಏಳುತ್ತದೆ. ಅದಕ್ಕೆ ಕೆಂಪು ಬಸ್ಸಿನ ಚಿತ್ರ ಅಂಟಿಸಿದರೆ ಪುಟ ತೆರೆದಾಗಲೆಲ್ಲ ಬಸ್ಸು ಎದ್ದು ನಿಲ್ಲುತ್ತದೆ. ಮಗುವಿಗೆ ಇದನ್ನು ಒಮ್ಮೆ ತೋರಿಸಿದರೆ ಆಮೇಲೆ ಅಪ್ಪ ಅಮ್ಮನ ಕೈ ಬೇಕಾಗುವುದಿಲ್ಲ.

ಕೆಲಸ ಮುಗಿದ ಮೇಲೆ ಪುಟಗಳ ನಡುವೆ ಒಣ ಕಾಗದ ಇಟ್ಟು, ಪುಸ್ತಕದ ಮೇಲೊಂದು ಮಣೆ, ಮಣೆಯ ಮೇಲೆ ರುಬ್ಬುಗುಂಡು ಏರಿಸಿ ಮಲಗಿ. ಬೆಳಗ್ಗೆ ಸ್ಕೂಲ್ ಬಸ್ಸಿನ ಹಾರನ್ ಕೇಳುವ ಮುಂಚೆ ತೆಗೆದರಾಯಿತು.