ಪದಾಂತ್ಯದಲ್ಲಿ ಅಡಗಿರುವ ರಸಾಯನ

‘ಮನೆ’ ಎಂಬ ಪದಕ್ಕೆ ‘ಗೆ’ ಸೇರಿದರೆ ಒಂದರ್ಥ, ‘ಇಂದ’ ಸೇರಿದರೆ ಅದಕ್ಕೆ ವಿರುದ್ಧವಾದ ಅರ್ಥ. ಕಿರಿದಾದ ಪ್ರತ್ಯಯವೊಂದು ಪದದ ದಿಕ್ಕನ್ನೇ ತಿರುಗಿಸಬಲ್ಲುದೆಂಬುದು ಕನ್ನಡಿಗರಾದ ನಮಗೆ ಹೊಸದಲ್ಲ. ರಸಾಯನಶಾಸ್ತ್ರದ ಇಂಗ್ಲಿಷ್ ಹೆಸರುಗಳಲ್ಲಿಯೂ ಇಂತಹ ಪ್ರತ್ಯಯಗಳುಂಟು. ‘ಐಡ್’, ‘ಐಟ್’, ‘ಏಟ್’, ‘ಅಸ್’, ‘ಇಕ್’ ಎಂಬ ಇವು ಒಂದೊಂದೇ ಉಚ್ಚಾರಾಂಶದವು. ಆದರೂ ವಸ್ತುವಿನ ಒಳರಚನೆಯನ್ನು ಸೂಚಿಸುವ ಶಕ್ತಿ ಇವುಗಳಿಗಿದೆ.

ಹಿಂದೆ ಇಂತಹ ವ್ಯವಸ್ಥೆ ಇರಲಿಲ್ಲ. ಸಲ್ಫ್ಯೂರಿಕ್ ಆಮ್ಲವನ್ನು ‘ವಿಟ್ರಿಯಲ್ ತೈಲ’ವೆಂದೂ ಅದರ ಸೋಡಿಯಂ ಲವಣವನ್ನು ‘ಗ್ಲೌಬರನ ಲವಣ’ವೆಂದೂ ಕರೆಯುತ್ತಿದ್ದರು. ಇವೆರಡಕ್ಕೂ ಇರುವ ಸಂಬಂಧ ಹೆಸರಿನಿಂದ ತಿಳಿಯುತ್ತಿರಲಿಲ್ಲ. 1787ರಲ್ಲಿ ಫ್ರಾನ್ಸಿನ ಲವಾಸಿಯೆ, ಗೀಟೊಂ ದ ಮೊರ್ವೊ, ಬೆರ್ತೊಲೆ, ಫೂರ್‌ಕ್ರ್ವಾ ಎಂಬ ನಾಲ್ವರು ಹೊಸ ನಾಮಕರಣ ಪದ್ಧತಿಯನ್ನು ಪ್ರಕಟಿಸಿದರು. ಅಲ್ಲಿಯ ಫ್ರೆಂಚ್ ಪ್ರತ್ಯಯಗಳೇ ಮುಂದೆ ಇಂಗ್ಲಿಷಿನಲ್ಲಿ ‘ಅಸ್’, ‘ಇಕ್’ ಮೊದಲಾದ ರೂಪಗಳನ್ನು ತಾಳಿದುವು.

ಗಂಧಕವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಸೋಡಿಯಂ ಸಲ್ಫೈಡಿನಲ್ಲಿರುವುದು ಸೋಡಿಯಂ ಮತ್ತು ಗಂಧಕ ಮಾತ್ರ. ‘ಐಡ್’ ಎಂಬುದು ಸಾಮಾನ್ಯವಾಗಿ ಹೀಗೆ ಎರಡೇ ಮೂಲವಸ್ತುಗಳು ಕೂಡಿದುದರ ಗುರುತು. ಸೋಡಿಯಂ ಸಲ್ಫೈಟಿನಲ್ಲಿ ಗಂಧಕದ ಒಂದು ಪರಮಾಣುವಿಗೆ ಆಮ್ಲಜನಕದ 3 ಪರಮಾಣುಗಳಿವೆ, ಸಲ್ಫೇಟಿನಲ್ಲಿ 4. ಹಾಗೆಂದು ‘ಐಟ್’ ಎಂದರೆ ಮೂರು, ‘ಏಟ್’ ಎಂದರೆ ನಾಲ್ಕು ಎಂದು ಭಾವಿಸಬಾರದು. ನೈಟ್ರೈಟಿನಲ್ಲಿ 2, ನೈಟ್ರೇಟಿನಲ್ಲಿ 3 ಆಮ್ಲಜನಕ ಪರಮಾಣುಗಳಿವೆಯಷ್ಟೆ. ಪ್ರತ್ಯಯವು ಹೇಳುವುದು ಎಣಿಕೆಯನ್ನಲ್ಲ, ಯಾವುದರಲ್ಲಿ ಕಡಿಮೆ, ಯಾವುದರಲ್ಲಿ ಹೆಚ್ಚು ಎಂಬುದನ್ನು. ಈ ಲವಣಗಳಿಗೆ ಮೂಲವಾದ ಆಮ್ಲಗಳಲ್ಲಿಯೂ ಇದೇ ಕ್ರಮ: ಆಮ್ಲಜನಕ ಕಡಿಮೆಯಿರುವ ಸಲ್ಫ್ಯೂರಸ್ ಆಮ್ಲದಿಂದ ಸಲ್ಫೈಟ್, ಹೆಚ್ಚಿರುವ ಸಲ್ಫ್ಯೂರಿಕ್ ಆಮ್ಲದಿಂದ ಸಲ್ಫೇಟ್.

ಲೋಹಗಳ ಹೆಸರಿಗೆ ಸೇರಿದಾಗ ‘ಅಸ್’, ‘ಇಕ್’ಗಳು ಲೋಹದ ಸಂಯೋಗಶಕ್ತಿಯನ್ನು ಸೂಚಿಸುತ್ತವೆ. ಮರ್ಕ್ಯುರಸ್ ಕ್ಲೋರೈಡಿನಲ್ಲಿ ಪಾದರಸದ ಒಂದು ಪರಮಾಣುವಿಗೆ ಕ್ಲೋರೀನಿನ ಒಂದು ಪರಮಾಣು. ಮರ್ಕ್ಯುರಿಕ್ ಕ್ಲೋರೈಡಿನಲ್ಲಿ ಎರಡು. ಮೊದಲನೆಯದು ನೀರಿನಲ್ಲಿ ಕರಗುವುದು ಅತ್ಯಲ್ಪ. ‘ಕ್ಯಾಲೊಮೆಲ್’ ಎಂಬ ಹೆಸರಿನಿಂದ ಅದನ್ನು ವೈದ್ಯರು ಬಹುಕಾಲ ಭೇದಿಗೆ ಕೊಡುತ್ತಿದ್ದರು. ಅದೂ ನಿರಪಾಯಕಾರಿಯಲ್ಲವಾದುದರಿಂದ ಈ ರೂಢಿ ಕೈಬಿಟ್ಟುಹೋಯಿತು. ಎರಡನೆಯದಾದರೋ ನೀರಿನಲ್ಲಿ ಕರಗುವ ಘೋರ ವಿಷ. ಕೊನೆಯ ಉಚ್ಚಾರಾಂಶವನ್ನು ತಪ್ಪಾಗಿ ಓದಿದರೆ ಔಷಧದ ಸ್ಥಾನದಲ್ಲಿ ಮೃತ್ಯುವೇ ಬಂದು ನಿಲ್ಲುತ್ತಿತ್ತು!

ಇಂದು ರಸಾಯನಜ್ಞರು ‘ಅಸ್’, ‘ಇಕ್’ಗಳಿಗೆ ಬದಲಾಗಿ ಲೋಹದ ಹೆಸರಿನ ಮುಂದೆ ಕಂಸದಲ್ಲಿ ರೋಮನ್ ಅಂಕಿಯನ್ನು ಬರೆಯಲು ಇಚ್ಛಿಸುತ್ತಾರೆ. ಆದರೆ ‘ಐಡ್’, ‘ಐಟ್’, ‘ಏಟ್’ಗಳು ಬಳಕೆಯಲ್ಲಿಯೇ ಇವೆ. ಆದುದರಿಂದ ಪ್ರಯೋಗಶಾಲೆಯಲ್ಲಿ ಸೀಸೆಯನ್ನು ಕೈಗೆತ್ತಿಕೊಳ್ಳುವಾಗ ಹೆಸರಿನ ಮೊದಲ ಭಾಗವನ್ನು ಓದಿ ತೃಪ್ತರಾಗದೆ, ಅದರ ಕೊನೆಯ ಅಕ್ಷರದವರೆಗೂ ನಾವು ಓದಬೇಕು.