ಬಸುರಿಯಾಗಿದ್ದಾಗ ಬೆಕ್ಕು, ಮಣ್ಣು, ಹಸಿ ಮಾಂಸ: ಟಾಕ್ಸೊಪ್ಲಾಸ್ಮೋಸಿಸ್ ಬಗ್ಗೆ ತಿಳಿದಿರಿ

"ಮನೆ ಓನರ್ ಬೆಕ್ಕು ಸಾಕಿದಾರೆ, ನಾನೀಗ ಮೂರು ತಿಂಗಳ ಬಸುರಿ, ರೂಮ್ ಬದಲಾಯಿಸ್ಬೇಕಾ?" ಲಂಡನ್ನಿನ ಶೇರಿಂಗ್ ಮನೆಗಳಲ್ಲಿ ಇರುವವರಿಗೆ, ಬೇರೆಯವರ ಮನೆಯಲ್ಲಿ ಕ್ಲೀನಿಂಗ್ ಮಾಡುವವರಿಗೆ, ಮಕ್ಕಳನ್ನು ನೋಡಿಕೊಳ್ಳುವವರಿಗೆ ಈ ಭಯ ಸಹಜ. ರೂಮ್ ಬಿಡಬೇಕಾಗಿಲ್ಲ. ಆದರೆ ಬೆಕ್ಕಿನ ಮೇಲಷ್ಟೇ ಕಣ್ಣಿಟ್ಟರೆ ನಿಮ್ಮದೇ ಅಡುಗೆಮನೆಯಲ್ಲಿರುವ ಅಪಾಯ ಕಾಣುವುದಿಲ್ಲ.

ಟಾಕ್ಸೊಪ್ಲಾಸ್ಮಾ ಅನ್ನುವುದು ಕಣ್ಣಿಗೆ ಕಾಣದ ಒಂದು ಪರಾವಲಂಬಿ ಜೀವಿ. ಸೋಂಕು ತಗುಲಿದ ಬೆಕ್ಕಿನ ಮಲದಲ್ಲಿ, ಆ ಮಲ ಸೇರಿದ ಮಣ್ಣಿನಲ್ಲಿ, ಸರಿಯಾಗಿ ಬೇಯದ ಮಾಂಸದಲ್ಲಿ ಅದು ಇರುತ್ತದೆ. ನಮ್ಮ ಮೈ ಸೇರುವುದು ಹೆಚ್ಚಾಗಿ ಬಾಯಿಯ ಮೂಲಕ. ಬಹಳ ಜನಕ್ಕೆ ಬಂದದ್ದೇ ಗೊತ್ತಾಗುವುದಿಲ್ಲ. ಕೆಲವರಿಗೆ ಸಣ್ಣ ಜ್ವರ, ಮೈಕೈ ನೋವು, ಕುತ್ತಿಗೆಯಲ್ಲಿ ಗಡ್ಡೆ ಊದುವುದು ಇರಬಹುದು. ಬಸುರಿಯಾಗಿದ್ದಾಗ ಅಥವಾ ಅದಕ್ಕೆ ಸ್ವಲ್ಪ ಮುಂಚೆ ಮೊದಲ ಸಲ ಸೋಂಕು ತಗುಲಿದರೆ ಮಾತ್ರ ಅದು ಮಗುವಿಗೆ ದಾಟಬಹುದು. ಮೊದಲ ತಿಂಗಳುಗಳಲ್ಲಿ ದಾಟುವ ಸಂಭವ ಕಮ್ಮಿ, ದಾಟಿದರೆ ಹಾನಿ ಜಾಸ್ತಿ: ಗರ್ಭಪಾತ ಆಗಬಹುದು, ಮಗುವಿನ ಕಣ್ಣು, ಮಿದುಳಿಗೆ ತೊಂದರೆ ಆಗಬಹುದು. ಕೊನೆಯ ತಿಂಗಳುಗಳಲ್ಲಿ ದಾಟುವುದು ಜಾಸ್ತಿ, ಹಾನಿ ಕಮ್ಮಿ. ಇಂಥದ್ದು ಅಪರೂಪ, ನಿದ್ದೆ ಕೆಡಿಸಿಕೊಳ್ಳಬೇಡಿ.

ಮೊದಲು ಅಡುಗೆಮನೆ. ಮಟನ್, ಖೈಮಾ ಒಳಗೆಲ್ಲೂ ಕೆಂಪು ಉಳಿಯದಂತೆ ಬೇಯಲಿ. ಈ ದೇಶದ ಲೆಕ್ಕ ನಡುಭಾಗ 70 ಡಿಗ್ರಿಯಲ್ಲಿ 2 ನಿಮಿಷ. ನಮ್ಮ ಕುಕ್ಕರ್ ಸಾರಿಗೆ ಈ ಚಿಂತೆ ಇಲ್ಲ. ಚಿಂತೆ ಇರುವುದು ಉಪ್ಪು-ಖಾರ ಸರಿಯಿದೆಯಾ ಅಂತ ಹಸಿ ಖೈಮಾ ಉಂಡೆಯನ್ನು ನಾಲಿಗೆಗೆ ಹಚ್ಚಿ ನೋಡುವ ಅಭ್ಯಾಸದಲ್ಲಿ. ಅದನ್ನು ಬಿಡಿ. ಮಾಂಸ ಹೆಚ್ಚಿದ ಚಾಕು, ಮಣೆ, ಕೈ ಸೋಪು ಹಾಕಿ ತೊಳೆದ ಮೇಲೆಯೇ ಈರುಳ್ಳಿ ಹೆಚ್ಚಿ. ಕೆಲಸದ ಜಾಗದಲ್ಲಿ ಕೊಡುವ ಸ್ಯಾಂಡ್‌ವಿಚ್‌ನಲ್ಲಿ ಸಲಾಮಿ ಇದ್ದರೆ ತಿನ್ನಬೇಡಿ, ಅದು ಬೇಯಿಸಿದ ಮಾಂಸವಲ್ಲ. ಕಾಯಿಸದ ಆಡಿನ ಹಾಲೂ ಬೇಡ.

"ನಾವು ಮಾಂಸ ತಿನ್ನಲ್ಲ, ನಮಗೇನೂ ಆಗಲ್ಲ" ಅನ್ನುವವರಿಗೂ ಒಂದು ಮಾತು. ಈಸ್ಟ್ ಹ್ಯಾಮ್, ಟೂಟಿಂಗ್, ಸೌತಾಲ್ ಅಂಗಡಿಗಳಿಂದ ತಂದ ಕೊತ್ತಂಬರಿ, ಮೆಂತ್ಯ ಕಟ್ಟಿನ ಬುಡದಲ್ಲಿ ಮಣ್ಣು ಇರುತ್ತದಲ್ಲ, ಅದರಲ್ಲೂ ಈ ಜೀವಿ ಇರಬಹುದು. ಮಣ್ಣು ಪೂರ್ತಿ ಹೋಗುವ ತನಕ ತೊಳೆಯಿರಿ, ಕೋಸಂಬರಿಯ ಕ್ಯಾರೆಟ್, ಸೌತೆಕಾಯನ್ನೂ. ಮಣ್ಣಿನ ಕೆಲಸಕ್ಕೆ ಗ್ಲೌಸ್ ಹಾಕಿ. ಮಣ್ಣು ತಿನ್ನುವ ಬಯಕೆ ಕೆಲವರಿಗೆ ಇರುತ್ತದೆ. ನಾಚಿಕೊಳ್ಳದೆ ಮಿಡ್‌ವೈಫ್‌ಗೆ ಹೇಳಿ.

ಇನ್ನು ಬೆಕ್ಕು. ಅದನ್ನು ಸವರಿದ ಮಾತ್ರಕ್ಕೆ ಸೋಂಕು ಬರುವುದು ಕಷ್ಟ, ಕೈ ತೊಳೆದರೆ ಸಾಕು. ಲಿಟರ್ ಟ್ರೇ ಮಾತ್ರ ಬೇರೆಯವರು ಬಳಿಯಲಿ. ಯಾರೂ ಇಲ್ಲದಿದ್ದರೆ ಗ್ಲೌಸ್ ಹಾಕಿ ದಿನಾ ಬಳಿಯಿರಿ: ಮಲದಲ್ಲಿರುವ ಜೀವಿ ಸೋಂಕು ಹರಡುವಷ್ಟು ಬಲಿಯಲು ಕನಿಷ್ಠ ಒಂದು ದಿನ ಬೇಕು.

ಕೆಲಸದಲ್ಲೇ ಇದನ್ನು ಮಾಡಬೇಕಾಗಿದ್ದರೆ? ಕಂಪನಿಯ ನೌಕರರಾಗಿದ್ದರೆ, ಬಸುರಿ ಎಂದು ಬರಹದಲ್ಲಿ ತಿಳಿಸಿ. ಒಂದು ಟೆಕ್ಸ್ಟ್ ಆದರೂ ಇಟ್ಟುಕೊಳ್ಳಿ. 1999ರ ನಿಯಮಗಳ ಪ್ರಕಾರ ಮಾಲೀಕರು ಅಪಾಯ ತಪ್ಪಿಸಬೇಕು. ಆಗದಿದ್ದರೆ ಬೇರೆ ಸೂಕ್ತ ಕೆಲಸ, ಅದೂ ಇಲ್ಲದಿದ್ದರೆ ಸಂಬಳದ ರಜೆ. ಖಾಸಗಿ ಮನೆಯವರೇ ನೇರವಾಗಿ ಇಟ್ಟುಕೊಂಡಿದ್ದರೆ ಲೆಕ್ಕ ಬೇರೆ. ಮೆಟರ್ನಿಟಿ ಆಕ್ಷನ್ ಅಥವಾ ಸಿಟಿಜನ್ಸ್ ಅಡ್ವೈಸ್‌ನಲ್ಲಿ ಕೇಳಿ.

ಎನ್‌ಎಚ್‌ಎಸ್ ಎಲ್ಲ ಬಸುರಿಯರ ರಕ್ತವನ್ನೂ ಹಲವು ಕಾಯಿಲೆಗಳಿಗೆ ಪರೀಕ್ಷಿಸುತ್ತದೆ. ಆ ಪಟ್ಟಿಯಲ್ಲಿ ಟಾಕ್ಸೊಪ್ಲಾಸ್ಮೋಸಿಸ್ ಇಲ್ಲ. "ಬ್ಲಡ್ ಟೆಸ್ಟ್ ಎಲ್ಲಾ ನಾರ್ಮಲ್" ಅಂದರೆ ಇದಕ್ಕೂ ನೋಡಿದಾರೆ ಅಂತ ಅಲ್ಲ. ನಿಮಗೆ ಅನುಮಾನ ಇದ್ದರೆ ಮಿಡ್‌ವೈಫ್ ಅಥವಾ ಜಿಪಿಗೆ ನೀವೇ ಬಾಯಿಬಿಟ್ಟು ಕೇಳಬೇಕು: ಏನು ತಿಂದೆ, ಎಂಥ ಕೆಲಸ ಮಾಡುತ್ತೇನೆ, ಯಾವಾಗಿಂದ ಜ್ವರ. ಸೋಂಕು ಇದೆ ಅಂತಾದರೆ ಔಷಧಿ ಇದೆ. ಇಂಗ್ಲಿಷಿನಲ್ಲಿ ಹೇಳಲು ಕಷ್ಟವಾದರೆ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಕನ್ನಡ ದುಭಾಷಿ ಬೇಕು ಅನ್ನಿ. ಅದಕ್ಕೆ ನೀವು ದುಡ್ಡು ಕೊಡಬೇಕಾಗಿಲ್ಲ.