ಕ್ರೀಡಾ ಪ್ರಾಮಾಣಿಕತೆಯ ಸಮ್ಮೇಳನ: ಬೆಂಬಲಿಗ ಸಂಸ್ಥೆಗಳ ಪಟ್ಟಿಯಲ್ಲಿ ಸರಬರಾಜುದಾರರಿಗೇನಿದೆ?

ಸ್ವಿಟ್ಜರ್ಲೆಂಡಿನ ಲೋಸಾನ್ ನಗರದಲ್ಲಿ 2017ರ ಫೆಬ್ರವರಿಯಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಆತಿಥ್ಯದಲ್ಲಿ ಕ್ರೀಡಾ ಪ್ರಾಮಾಣಿಕತೆ ಕುರಿತ ಅಂತರರಾಷ್ಟ್ರೀಯ ವೇದಿಕೆಯ ಸಮಾವೇಶ ನಡೆಯಿತು. ಇಂತಹ ಸಮ್ಮೇಳನಗಳೆಂದರೆ ಪಂದ್ಯಗಳ ಮೋಸದಾಟ, ಬಾಜಿ ಮತ್ತು ಉದ್ದೀಪನ ಮದ್ದಿನ ಚರ್ಚೆ ಎಂಬುದು ಸಾಮಾನ್ಯ ಭಾವನೆ. ಆದ್ದರಿಂದ ವರ್ತಕರೂ ಸಣ್ಣ ಉದ್ದಿಮೆದಾರರೂ ಅವುಗಳ ವರದಿಯನ್ನು ಓದದೆ ಪುಟ ತಿರುವುವುದೇ ಹೆಚ್ಚು. ಆದರೆ ಬೆಂಬಲವಾಗಿ ನಿಂತ ಸಂಸ್ಥೆಗಳಲ್ಲಿ ಪ್ಯಾರಿಸ್ಸಿನ ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆಯ ಹೆಸರೂ ಇತ್ತು. ಆಟಕ್ಕೂ ಈ ಸಂಸ್ಥೆಗೂ ನೇರ ಸಂಬಂಧವಿಲ್ಲ. ಸರ್ಕಾರಗಳು ಸಾಮಗ್ರಿಯನ್ನು ಹೇಗೆ ಖರೀದಿಸಬೇಕೆಂಬುದು ಅದರ ಅಧ್ಯಯನದ ವಿಷಯಗಳಲ್ಲೊಂದು.

ವ್ಯಾಪಾರದ ದೃಷ್ಟಿಯಿಂದ ದೊಡ್ಡ ಕ್ರೀಡಾಕೂಟವೆಂದರೆ ಗಡುವು ಬದಲಾಗದ ಒಂದು ಬೃಹತ್ ಖರೀದಿ. ಕ್ರೀಡಾಂಗಣದ ಉಕ್ಕಿನಿಂದ ಹಿಡಿದು ಹಾಸಿಗೆ, ಶಾಮಿಯಾನ, ಸಮವಸ್ತ್ರ, ಜನರೇಟರ್, ಊಟೋಪಚಾರದವರೆಗೆ ಎಲ್ಲವೂ ಉದ್ಘಾಟನೆಯ ದಿನಕ್ಕೆ ಸಿದ್ಧವಿರಬೇಕು. ಖರೀದಿಸುವ ಸಂಘಟನಾ ಸಮಿತಿಯೋ ತಾತ್ಕಾಲಿಕ; ಕೂಟ ಮುಗಿದ ಮೇಲೆ ಅದರ ಕಚೇರಿಯ ಬಾಗಿಲೂ ಮುಚ್ಚುತ್ತದೆ. ಅಕ್ರಮಗಳಿಗೆ ಎಡೆಮಾಡಿಕೊಡುವ ಅಂಶಗಳಲ್ಲಿ ಇವೆರಡೂ ಮುಖ್ಯವಾದವು.

2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟ ಇದಕ್ಕೆ ಹತ್ತಿರದ ನಿದರ್ಶನ. ಕೂಟದ ಆತಿಥ್ಯ ಭಾರತಕ್ಕೆ ದೊರೆತದ್ದು 2003ರ ನವೆಂಬರಿನಲ್ಲಿ. ಕೈಯಲ್ಲಿ ಏಳು ವರ್ಷಗಳಿದ್ದವು. ಆ ಅವಧಿಯನ್ನು ಸರಿಯಾಗಿ ಬಳಸಿಕೊಳ್ಳದೆ ಕೊನೆಗಳಿಗೆಯ ತುರ್ತನ್ನು ಸೃಷ್ಟಿಸಿ, ಆ ತುರ್ತಿನ ಹೆಸರಿನಲ್ಲಿ ಟೆಂಡರು ನಿಯಮಗಳನ್ನು ಸಡಿಲಿಸಲಾಯಿತೆಂದು ಮಹಾಲೇಖಪಾಲರು 2011ರ ಆಗಸ್ಟಿನಲ್ಲಿ ಸಂಸತ್ತಿಗೆ ಸಲ್ಲಿಸಿದ ವರದಿಯಲ್ಲಿ ಆಕ್ಷೇಪಿಸಿದರು. ಏಕ ಟೆಂಡರು, ನಾಮನಿರ್ದೇಶನದ ಗುತ್ತಿಗೆ, ಪೈಪೋಟಿಯನ್ನು ಕುಗ್ಗಿಸುವಂತಹ ಪೂರ್ವಾರ್ಹತೆಯ ಷರತ್ತುಗಳು, ಬಿಡ್ ಸಲ್ಲಿಸಲು ಸಾಲದ ಕಾಲಾವಕಾಶ — ವರದಿಯಲ್ಲಿ ದಾಖಲಾದ ಈ ಲೋಪಗಳಿಂದ ಮೊದಲು ಹೊರಗುಳಿಯುವವನು ಸಣ್ಣ ಉತ್ಪಾದಕನೇ. ಒಳಗೆ ಬಂದವರ ಸ್ಥಿತಿಯೂ ಸುಖಕರವಾಗಿರಲಿಲ್ಲ. ಕೂಟ ಮುಗಿದ ಬಳಿಕ ಬಿಲ್ಲಿನ ಹಣ ಬಾರದೆ ಹಲವು ವಿದೇಶಿ ಸರಬರಾಜುದಾರರು ತಮ್ಮ ದೇಶಗಳ ರಾಜತಾಂತ್ರಿಕರ ಮೊರೆಹೋಗಬೇಕಾಯಿತು. ಅಂತಹ ಆಸರೆ ದೇಶೀಯ ಸರಬರಾಜುದಾರನಿಗೆಲ್ಲಿ?

ಲೋಸಾನ್ ಸಮಾವೇಶದಿಂದ ಹೊರಬಂದದ್ದು ಕ್ರೀಡೆಯಲ್ಲಿನ ಭ್ರಷ್ಟಾಚಾರದ ವಿರುದ್ಧದ ಅಂತರರಾಷ್ಟ್ರೀಯ ಸಹಭಾಗಿತ್ವ. ಅದರ ಕಿರುನಾಮ ‘ಇಪಾಕ್ಸ್’. ಇದನ್ನು ಬೆಂಬಲಿಸಿದ ಸಂಸ್ಥೆಗಳು ಒಂದೊಂದೂ ಒಂದೊಂದು ಬಗೆಯ ಬಲವನ್ನು ತಂದಿವೆ. ಒಲಿಂಪಿಕ್ ಸಮಿತಿ ಮತ್ತು ಬೇಸಿಗೆ ಒಲಿಂಪಿಕ್ ಕ್ರೀಡೆಗಳ ಫೆಡರೇಷನ್ನುಗಳ ಒಕ್ಕೂಟದ ಕೈಯಲ್ಲಿ ಕ್ರೀಡಾಡಳಿತವಿದೆ. 2003ರಲ್ಲಿ ಅಂಗೀಕೃತವಾದ ಭ್ರಷ್ಟಾಚಾರ ವಿರೋಧಿ ಒಪ್ಪಂದದ ಉಸ್ತುವಾರಿ ವಿಶ್ವಸಂಸ್ಥೆಯ ಮಾದಕವಸ್ತು ಮತ್ತು ಅಪರಾಧ ಕಚೇರಿಯದು. ಭಾರತ ಆ ಒಪ್ಪಂದವನ್ನು ಸ್ಥಿರೀಕರಿಸಿದ್ದು 2011ರಲ್ಲಿ. ಪಂದ್ಯಗಳ ಮೋಸದಾಟದ ವಿರುದ್ಧ 2014ರಲ್ಲಿ ಸಹಿಗೆ ತೆರೆದು 2019ರಲ್ಲಿ ಜಾರಿಗೆ ಬಂದ ಒಪ್ಪಂದ ಯುರೋಪ್ ಮಂಡಳಿಯದು. ಹಣದ ಸಹಾಯಕ್ಕಿಂತ ಈ ಅಧಿಕಾರ ಮತ್ತು ಅನುಭವಗಳೇ ಇಲ್ಲಿ ಬೆಂಬಲವೆನಿಸಿವೆ.

ಸಹಭಾಗಿತ್ವ ರಚಿಸಿದ ಕಾರ್ಯಪಡೆಗಳಲ್ಲಿ ಮೊದಲನೆಯದು ಕ್ರೀಡಾಕೂಟಗಳ ಖರೀದಿ ಮತ್ತು ಕಟ್ಟಡ ಕಾಮಗಾರಿಗೆ ಮೀಸಲಾದದ್ದೆಂಬುದು ಗಮನಾರ್ಹ. ಇದರ ಶಿಫಾರಸುಗಳು ಕಾನೂನಲ್ಲ. ಪಾಲಿಸದಿದ್ದರೆ ದಂಡವೂ ಇಲ್ಲ. ಪಾಲಿಸುವ ಹೊಣೆ ಆತಿಥೇಯ ದೇಶದ್ದೇ.

2030ರ ಕಾಮನ್‌ವೆಲ್ತ್ ಕೂಟ ಅಹಮದಾಬಾದಿಗೆ ದೊರೆತಿರುವುದರಿಂದ ಈ ವಿಷಯ ಭಾರತಕ್ಕೆ ಮತ್ತೆ ಹತ್ತಿರವಾಗಿದೆ. ಸರಬರಾಜಿಗೆ ಮುಂದಾಗುವವರು ಮೊದಲು ಪರಿಶೀಲಿಸಬೇಕಾದದ್ದು ಖರೀದಿದಾರನ ಕಾನೂನು ಸ್ವರೂಪವನ್ನು. ಕಿರು ಮತ್ತು ಸಣ್ಣ ಉದ್ದಿಮೆಗಳಿಂದ ಶೇ. 25ರಷ್ಟು ಖರೀದಿಸಬೇಕೆಂಬ ನೀತಿ ಕೇಂದ್ರದ ಸಚಿವಾಲಯಗಳು, ಇಲಾಖೆಗಳು ಮತ್ತು ಸಾರ್ವಜನಿಕ ಉದ್ಯಮಗಳನ್ನು ಹೆಸರಿಸುತ್ತದೆ. ದೆಹಲಿಯ ಸಂಘಟನಾ ಸಮಿತಿಯಾದರೋ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿತವಾದ ಸಂಸ್ಥೆಯಾಗಿತ್ತು.

ಪಾವತಿಯ ವಿಷಯದಲ್ಲಿ 2006ರ ಕಾಯ್ದೆಯ ರಕ್ಷಣೆ ಇನ್ನಷ್ಟು ವಿಸ್ತಾರವಾದದ್ದು. ಕಿರು ಮತ್ತು ಸಣ್ಣ ಉದ್ದಿಮೆ ಪೂರೈಸಿದ ಸರಕು ಸ್ವೀಕೃತವಾದ ದಿನದಿಂದ ಹೆಚ್ಚೆಂದರೆ 45 ದಿನಗಳಲ್ಲಿ ಹಣ ಸಂದಾಯವಾಗಬೇಕು. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸಲ್ಲುತ್ತದೆ. ಸರಬರಾಜಿಗೆ ಮುನ್ನವೇ ಉದ್ಯಮ್ ನೋಂದಣಿ ಮಾಡಿಸಿಕೊಂಡು, ಸರಕು ಸ್ವೀಕರಿಸಿದ ದಿನಾಂಕವನ್ನು ಲಿಖಿತವಾಗಿ ಪಡೆದಿಟ್ಟುಕೊಳ್ಳುವುದು ಕ್ಷೇಮಕರ. ಆದರೆ ಕೊಂಡು ಮಾರುವ ವರ್ತಕರು ಒಂದು ಭೇದವನ್ನು ಅರಿತಿರಬೇಕು. ಸಗಟು ಮತ್ತು ಚಿಲ್ಲರೆ ವ್ಯಾಪಾರಿಗಳಿಗೆ 2021ರ ಜುಲೈ ಆದೇಶದಿಂದ ದೊರೆತ ಉದ್ಯಮ್ ನೋಂದಣಿಯ ಪ್ರಯೋಜನ ಬ್ಯಾಂಕುಗಳ ಆದ್ಯತಾ ವಲಯದ ಸಾಲಕ್ಕಷ್ಟೇ ಸೀಮಿತ. ವಿಳಂಬ ಪಾವತಿಯ ರಕ್ಷಣೆ ಅವರಿಗೆ ಅದರಿಂದ ದೊರೆಯದ ಕಾರಣ, ಪಾವತಿಯ ಗಡುವನ್ನೂ ಬಡ್ಡಿಯನ್ನೂ ಕರಾರಿನಲ್ಲಿಯೇ ಬರೆಸಿಕೊಳ್ಳಬೇಕಾಗುತ್ತದೆ.